ಬೀಗರಿಗೆ ಬೇರೆ ಪಾತ್ರೆ

ನೂಲಿನ ಗಿರಣಿಯ ಕ್ಯಾಂಟೀನು ಬಾಗಿಲು ಹಾಕಿ ಎಷ್ಟೋ ವರ್ಷವಾಗಿದ್ದರೂ ಕ್ಯಾಂಟೀನಮ್ಮನ ಹೆಸರು ಹಾಗೇ ಉಳಿದಿತ್ತು. ತರಕಾರಿಯವನು, ಮೇಲಿನ ಮಹಡಿಯವರು, ಮಗನ ಸಲೂನಿಗೆ ಬರುವ ಗಿರಾಕಿಗಳು, ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಒಂದು ಕಾಲಕ್ಕೆ ಪಾಳಿಗೆ ಪಾಳಿ ಇಡೀ ಗಿರಣಿ ಅವಳ ಕೈಯಡುಗೆ ಉಣ್ಣುತ್ತಿತ್ತು. ಅಷ್ಟು ಜನಕ್ಕೆ ಬೇಯಿಸಿ ಹಾಕಿದವಳು ಒಂದು ದಿನವೂ ಸೌಟಿನಿಂದ ರುಚಿ ನೋಡಿದ್ದಿಲ್ಲ. ಕುದಿಯುವ ಹಂಡೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು, "ಇನ್ನೊಂದು ಹಿಡಿ ಉಪ್ಪು" ಎನ್ನುತ್ತಿದ್ದಳು, ಇಲ್ಲವೇ "ಸಾಕು, ಇಳಿಸಿ" ಎನ್ನುತ್ತಿದ್ದಳು. ಅವಳ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ. ಕ್ಯಾಂಟೀನಮ್ಮನ ಮೂಗೇ ಅರ್ಧ ಅಡುಗೆ ಎಂದು ಗಿರಣಿಯಲ್ಲಿ ಮಾತಾಗಿತ್ತು. ಗಂಡ ಹೋದ, ಗಿರಣಿ ಹೋಯಿತು, ಮಂಡಿಯ ಶಕ್ತಿಯೂ ಹೋಯಿತು. ಉಳಿದದ್ದು ಆ ಮೂಗು ಮತ್ತು ಅದರ ಮೇಲಿನ ಅಭಿಮಾನ.

ಆ ಸಲದ ಚಳಿಗೆ ಅವಳಿಗೊಂದು ಕೆಟ್ಟ ನೆಗಡಿ ಬಂತು. ನೆಗಡಿ ಹೋಗುವಾಗ ಮೂಗನ್ನೂ, ನಾಲಿಗೆಯ ಬಹುಪಾಲು ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೊದಮೊದಲು ಅವಳು ಅದನ್ನು ಗಮನಿಸಲಿಲ್ಲ. ಆಮೇಲೆ ಗಮನಿಸಿದಳು, ಆದರೆ ಒಪ್ಪಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಹಾಲು ಕಾಯಲು ಇಟ್ಟು, ಒಲೆಗೆ ಬೆನ್ನು ಹಾಕಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮೇಲಿನ ಮಹಡಿಯ ಹೆಂಗಸು ಧಡಧಡ ಇಳಿದು ಬಂದು ಬಾಗಿಲು ಬಡಿದಾಗಲೇ ತಿರುಗಿ ನೋಡಿದ್ದು.

"ಏನಮ್ಮಾ, ಸೀದ ವಾಸನೆ ನಮ್ಮನೆ ತನಕ ಬಂದಿದೆ. ಒಳಗೆ ಯಾರೂ ಇಲ್ವೇನೋ ಅಂದ್ಕೊಂಡೆ."

ಪಾತ್ರೆಯ ತಳ ಇದ್ದಿಲಾಗಿತ್ತು. ಕಿಟಕಿಯ ತುಂಬ ಹೊಗೆ. "ಕಿವಿ ಮಂದ ಆಗಿದೆ ನೋಡು, ಉಕ್ಕಿದ್ದೇ ಕೇಳಿಸಲಿಲ್ಲ" ಎಂದು ಕ್ಯಾಂಟೀನಮ್ಮ ತಪ್ಪನ್ನು ಕಿವಿಯ ಮೇಲೆ ಹಾಕಿದಳು. ಕಿವಿಗೆ ಕೆಟ್ಟ ಹೆಸರು ಬಂದರೆ ಅವಳಿಗೇನೂ ನಷ್ಟವಿರಲಿಲ್ಲ.

ಅವಳು ಅಡುಗೆ ಮಾಡಿದ ದಿನ ಮಗ ಊಟದ ಮಧ್ಯೆ ಲೋಟದ ಮೇಲೆ ಲೋಟ ನೀರು ಕುಡಿಯತೊಡಗಿದ. "ಅಮ್ಮಾ, ಇವತ್ತು ಉಪ್ಪು ಸ್ವಲ್ಪ ಮುಂದಾಗಿದೆ" ಎಂದು ಒಂದೆರಡು ಸಲ ಹೇಳಿಯೂ ನೋಡಿದ.

"ದಿನವಿಡೀ ಆ ಸೆಂಟು, ಕ್ರೀಮು ಮೂಸಿ ಮೂಸಿ ನಿನ್ನ ನಾಲಿಗೆ ಸತ್ತಿದೆ" ಎಂದಳು ಅವಳು.

ಮಗ ನಕ್ಕುಬಿಟ್ಟ. ಸೊಸೆ ತಟ್ಟೆಗೆ ಇನ್ನಷ್ಟು ಅನ್ನ ಹಾಕಿಕೊಂಡು ಕಲಸಿಕೊಂಡಳು.

ಸೊಸೆ ಸಿಟಿ ಬಸ್ಸಿನ ಡ್ರೈವರು. ಬೀದಿಯಲ್ಲಿ ಎಲ್ಲರೂ ಡ್ರೈವರಮ್ಮ ಎನ್ನುತ್ತಿದ್ದರು. ಬೆಳಗಿನ ಪಾಳಿಯಿದ್ದ ದಿನ ಮಧ್ಯಾಹ್ನವೇ ಮನೆಗೆ ಬಂದು ಸಂಜೆಯ ಅಡುಗೆ ಅವಳೇ ಮಾಡುತ್ತಿದ್ದಳು. ಮಧ್ಯಾಹ್ನದ ಪಾಳಿಯಿದ್ದರೆ ಅಡುಗೆ ಅತ್ತೆಯದು. ಇಬ್ಬರ ನಡುವೆ ಜಗಳವಿರಲಿಲ್ಲ. ಆದರೆ ಕ್ಯಾಂಟೀನಮ್ಮ ಮೇಲಿನ ಮಹಡಿಯವಳ ಎದುರು, "ನಮ್ಮ ಸೊಸೆ ಅಡುಗೆ ಸ್ಟಾಪಿನಲ್ಲಿ ನಿಲ್ಲದ ಬಸ್ಸಿನ ಹಾಗೆ, ನೋಡಿದ್ದಷ್ಟೇ ಭಾಗ್ಯ, ರುಚಿ ಕೈಗೆ ಸಿಗಲ್ಲ" ಎಂದು ನಗುತ್ತಿದ್ದಳು. ಆ ಚಳಿಗಾಲದ ನಂತರ ಈ ಮಾತನ್ನು ಅವಳು ಇನ್ನೂ ಹೆಚ್ಚು ಆಡಿದಳು. ಸೊಸೆಯ ಅಡುಗೆ ನಿಜವಾಗಿಯೂ ಅವಳ ಬಾಯಿಗೆ ಸಪ್ಪೆಯಾಗಿಯೇ ಇತ್ತು, ಆದರೆ ಈಗ ಯಾರ ಅಡುಗೆ ತಾನೇ ಸಪ್ಪೆಯಾಗಿರಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ.

ಡ್ರೈವರಮ್ಮನ ತಂದೆ ಊರಿನ ಇನ್ನೊಂದು ತುದಿಯಲ್ಲಿ ಟೈಲರು. ಹೆಸರಾಂತ ಕೈ. ತಮ್ಮ ಚಿಕ್ಕ ಮಗಳು ಅಂಗಡಿ ನೋಡಿಕೊಳ್ಳುತ್ತಾಳೆ ಎಂದು ಅವರು ಲೆಕ್ಕ ಹಾಕಿದ್ದರು. ಅವಳು ಹೊಲಿಗೆ ಯಂತ್ರದ ಪೆಡಲು ಬಿಟ್ಟು ಬಸ್ಸಿನ ಪೆಡಲು ಹಿಡಿದಳು, ಆಮೇಲೆ ಸಲೂನಿನವನನ್ನು ತಾನೇ ಆರಿಸಿಕೊಂಡಳು. ಟೈಲರು ಮದುವೆಗೆ ಬರಲಿಲ್ಲ. ಅಂದಿನಿಂದ ಮಾತೂ ಇಲ್ಲ. "ಮಾವನ ಕೈಯಲ್ಲೂ ಕತ್ತರಿ, ನನ್ನ ಕೈಯಲ್ಲೂ ಕತ್ತರಿ, ಹೊಂದೋದು ಹೇಗೆ ಹೇಳಿ" ಎಂದು ಮಗ ತಮಾಷೆ ಮಾಡುತ್ತಿದ್ದ. ಆ ತಮಾಷೆಗೆ ಸೊಸೆ ಮಾತ್ರ ಎಂದೂ ನಕ್ಕಿರಲಿಲ್ಲ.

ಹೀಗಿರುವಾಗ ಅವಳ ಅಕ್ಕನ ಫೋನು ಬಂತು. ಟೈಲರಿಗೆ ಹೃದಯ ದುರ್ಬಲವಾಗಿತ್ತು, ಒಮ್ಮೆ ಆಸ್ಪತ್ರೆಗೂ ಹೋಗಿ ಬಂದಿದ್ದರು. ಈಗ ತಾವಾಗಿ, "ಭಾನುವಾರ ಚಿಕ್ಕವಳ ಮನೆಗೆ ಊಟಕ್ಕೆ ಹೋಗ್ತೀನಿ ಅಂತ ಹೇಳು" ಎಂದಿದ್ದರಂತೆ. ಡ್ರೈವರಮ್ಮ ಫೋನು ಇಟ್ಟವಳೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ತುಂಬಾ ಹೊತ್ತು ಅಲ್ಲೇ ಇದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು, ಆದರೆ ಮುಖ ಹೊಸದಾಗಿತ್ತು.

ಭಾನುವಾರ ಅವಳು ರಜೆ ಹಾಕಿ ಮಧ್ಯಾಹ್ನದಿಂದಲೇ ಒಲೆಯ ಮುಂದೆ ನಿಂತಳು. ಮನೆಯವರಿಗೆ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ, ಬಟಾಣಿ, ಬೇಳೆ ಸೇರಿಸಿ ಗಟ್ಟಿಯಾಗಿ ಬೇಯಿಸಿದಳು. ಅದನ್ನೇ ಅಪ್ಪನಿಗೆಂದು ಬೇರೆ ಚಿಕ್ಕ ಪಾತ್ರೆಯಲ್ಲಿ ಮಾಡಿದಳು. ಡಾಕ್ಟರು ಉಪ್ಪನ್ನು ಔಷಧಿಯ ಹಾಗೆ ಅಳೆದು ಹಾಕಲು ಹೇಳಿದ್ದರು. ಉಪ್ಪಿನ ಕೊರತೆ ತುಂಬಲು ನಿಂಬೆ, ಬೆಳ್ಳುಳ್ಳಿ, ಹುರಿದ ಈರುಳ್ಳಿ ಹಾಕಿ ಮೂರು ಸಲ ರುಚಿ ನೋಡಿದಳು.

"ಅತ್ತೆ, ಈ ಚಿಕ್ಕ ಪಾತ್ರೆ ಅಪ್ಪಂದು. ಇದಕ್ಕೆ ಎಷ್ಟು ಬೇಕೋ ಅಷ್ಟು ಹಾಕಾಗಿದೆ. ಇದನ್ನ ಮುಟ್ಬೇಡಿ" ಎಂದಳು.

"ನಾನ್ಯಾಕಮ್ಮ ಮುಟ್ಲಿ" ಎಂದಳು ಕ್ಯಾಂಟೀನಮ್ಮ.

ಸೊಸೆ ಸೀರೆ ಬದಲಿಸಿ ಅಪ್ಪನನ್ನು ಕರೆತರಲು ಬಸ್ ಸ್ಟಾಪಿಗೆ ಹೋದಳು. ಮಗ ಕುರ್ಚಿ ಸಾಲದೆಂದು ಸಲೂನಿನಿಂದ ಒಂದನ್ನು ಹೊತ್ತು ತರಲು ಹೋದ. ಅಡುಗೆಮನೆಯಲ್ಲಿ ಉಳಿದದ್ದು ಕ್ಯಾಂಟೀನಮ್ಮ ಮತ್ತು ಆ ಪಾತ್ರೆ.

ಮುಚ್ಚಳ ತೆಗೆದು ಬಗ್ಗಿ ಉಸಿರೆಳೆದಳು. ಏನೂ ಇಲ್ಲ, ಬಿಸಿ ಹಬೆ ಅಷ್ಟೆ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ನೀರಿನ ಹಾಗಿತ್ತು. ಉಪ್ಪು ಕಡಿಮೆ ಎಂದರೆ ಉಪ್ಪೇ ಇಲ್ಲದಿರುವುದೇ? ಇಷ್ಟು ವರ್ಷಕ್ಕೆ ಮೊದಲ ಸಲ ಬರುವ ಬೀಗರು. ನಾಳೆ ಅವರು ದೊಡ್ಡ ಮಗಳ ಹತ್ತಿರ ಹೋಗಿ, ಕ್ಯಾಂಟೀನಮ್ಮನ ಮನೆ ಊಟ ಹುಲ್ಲು ಅಗಿದ ಹಾಗಿತ್ತು ಎಂದರೆ ಯಾರ ಮಾನ ಹೋಗುವುದು? ಒಂದು ಚಿಟಿಕೆ ಹಾಕಿ ಕಲಕಿದಳು. ಏನೂ ಗೊತ್ತಾಗಲಿಲ್ಲ. ಇನ್ನೊಂದು ಹಾಕಿದಳು. ಆಮೇಲೆ ಅರ್ಧ ಚಮಚ. ಆಮೇಲೆ ಕೈ ತಾನಾಗಿಯೇ ಹೋಯಿತು, ಹಂಡೆಗೆ ಹಾಕಿ ಪಳಗಿದ ಕೈ. ಕೊನೆಗೆ ನಾಲಿಗೆಯ ಅಂಚಿಗೆ ಏನೋ ಒಂದಿಷ್ಟು ತಾಗಿದ ಹಾಗಾಯಿತು. ಅಷ್ಟಾದ ಮೇಲೆ ಮುಚ್ಚಳ ಮುಚ್ಚಿದಳು. ಸೀದ ಹಾಲಿನ ನೆನಪು ಅವಳ ಮನಸ್ಸಿನ ಒಂದು ಮೂಲೆಯಲ್ಲಿ ನಿಂತು ನೋಡುತ್ತಲೇ ಇತ್ತು. ಅವಳು ಆ ಕಡೆ ತಿರುಗಲಿಲ್ಲ.

ಟೈಲರು ಬಂದರು. ತಾವೇ ಹೊಲಿದ ಅಂಗಿ ಈಗ ಅವರ ಮೈಮೇಲೆ ಜೋಲಾಡುತ್ತಿತ್ತು. ಅಳಿಯನ ಕಡೆ ನೋಡಿ ತಲೆಯಾಡಿಸಿದರು, ಕ್ಯಾಂಟೀನಮ್ಮನಿಗೆ ನಮಸ್ಕಾರ ಹೇಳಿದರು, ಸಲೂನಿನ ತಿರುಗುವ ಕುರ್ಚಿಯಲ್ಲಿ ಬಿಗಿಯಾಗಿ ಕೂತರು. ಮಗಳು ಅನ್ನ ಬಡಿಸಿ, ಚಿಕ್ಕ ಪಾತ್ರೆಯಿಂದ ಬಟ್ಟಲಿಗೆ ಹಾಕಿ ಮುಂದಿಟ್ಟಳು. ಅವರು ಮೊದಲ ತುತ್ತು ಬಾಯಿಗಿಟ್ಟರು. ದವಡೆ ನಿಂತಿತು. ಕಣ್ಣೆತ್ತಿ ಮಗಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಸಪ್ಪೆ ಆಯ್ತೇನಪ್ಪಾ?" ಎಂದಳು ಮಗಳು, ನಗುತ್ತಾ.

"ಇಲ್ಲ. ಸರಿಯಾಗಿದೆ."

ಅವರು ತಲೆ ಬಗ್ಗಿಸಿ ಉಂಡರು. ಬಟ್ಟಲು ಖಾಲಿಯಾಯಿತು. "ಇನ್ನೊಂಚೂರು ಹಾಕ್ಲಾ?" ಎಂದದ್ದಕ್ಕೆ ಬಟ್ಟಲನ್ನು ಮುಂದೆ ಹಿಡಿದು, "ಹಾಕು" ಎಂದರು. ನೀರು ಬಹಳ ಕುಡಿದರು. ಮಾತು ಹೆಚ್ಚಾಡಲಿಲ್ಲ. ಮಗಳಿಗೆ ಮಾತು ಬೇಕೂ ಇರಲಿಲ್ಲ, ಅಪ್ಪ ಎರಡನೇ ಸಲ ಹಾಕಿಸಿಕೊಂಡರಲ್ಲ, ಅದೇ ಅವಳಿಗೆ ಹಬ್ಬವಾಗಿತ್ತು. ಬಾಗಿಲ ಬಳಿ ನಿಂತಿದ್ದ ಕ್ಯಾಂಟೀನಮ್ಮ, ನೋಡು, ನನ್ನ ಕೈ ತಾಗಿದ್ದಕ್ಕೆ ಊಟ ಇಳಿಯಿತು ಎಂದು ಒಳಗೊಳಗೇ ಉಬ್ಬಿದಳು. ಆಮೇಲಿನ ದಿನಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಚುಚ್ಚಿದ್ದು ಹಾಗೆ ಉಬ್ಬಿದ ಆ ಗಳಿಗೆಯೇ.

ಮಗ ಸ್ಕೂಟರಿನಲ್ಲಿ ಮಾವನನ್ನು ಬಿಟ್ಟು ಬರಲು ಹೋದ. ಸೊಸೆ ಪಾತ್ರೆ ತೊಳೆಯಲು ಎತ್ತಿಕೊಂಡಳು. ಚಿಕ್ಕ ಪಾತ್ರೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಅಪ್ಪ ಉಂಡದ್ದು ಎಂದು ಪ್ರೀತಿಯಿಂದಲೇ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಮರುಕ್ಷಣ ಸಿಂಕಿಗೆ ಉಗುಳಿದಳು. ಮತ್ತೊಮ್ಮೆ ನಾಲಿಗೆಯ ತುದಿಗೆ ತಾಗಿಸಿ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು.

"ಅತ್ತೆ, ಇದು ಬರೀ ಉಪ್ಪು."

ಕ್ಯಾಂಟೀನಮ್ಮ ಚಮಚ ತೆಗೆದುಕೊಂಡು ಬಾಯಿಗಿಟ್ಟಳು. ಅವಳಿಗೆ ಹೆಚ್ಚೇನೂ ತಿಳಿಯಲಿಲ್ಲ. ತಿಳಿಯದೆ ಹೋದದ್ದರಲ್ಲೇ ಎಲ್ಲವೂ ತಿಳಿಯಿತು.

"ನಾನೇ ಎರಡೆರಡು ಸಲ ಹಾಕಿದೀನಿ" ಎಂದಳು ಸೊಸೆ. "ಗಾಬರಿಯಲ್ಲಿ ಹಾಕಿದ್ದೇ ಮರೆತಿದೀನಿ. ದೊಡ್ಡ ಪಾತ್ರೆಗೆ ಅಂತ ತಗೊಂಡು ಇದಕ್ಕೆ ಹಾಕಿಬಿಟ್ಟೆನೋ ಏನೋ. ಅಪ್ಪ ಒಂದು ಮಾತೂ ಹೇಳ್ಲಿಲ್ಲ. ಯಾಕೆ ತಿಂದ್ರು ಅತ್ತೆ ಅವ್ರು?"

ನೀವೇನಾದರೂ ಹಾಕಿದಿರಾ ಎಂದು ಅವಳು ಕೇಳಲೇ ಇಲ್ಲ. ಕೇಳಿದ್ದರೆ ಬಾಯಿಂದ ಏನು ಬರುತ್ತಿತ್ತೋ ಕ್ಯಾಂಟೀನಮ್ಮನಿಗೂ ಗೊತ್ತಿಲ್ಲ. ಕೇಳದೆ ಇದ್ದದ್ದರಿಂದ ಬಂದ ಮಾತು ಇದು: "ಆಗುತ್ತೆ ಬಿಡಮ್ಮ. ಗಡಿಬಿಡಿಯಲ್ಲಿ ಯಾರಿಗಾದ್ರೂ ಆಗುತ್ತೆ." ಬರೀ ಹೇಳಿದ್ದಲ್ಲ, ಸೊಸೆಯ ತಲೆಯನ್ನೂ ಸವರಿದಳು. ಆ ಹುಡುಗಿ ಅತ್ತೆಯ ಹೆಗಲಿಗೆ ಹಣೆ ಇಟ್ಟು ಅತ್ತಳು. ಮದುವೆಯಾಗಿ ಬಂದ ಮೇಲೆ ಅವಳು ಹಾಗೆ ಅತ್ತದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ಅಪ್ಪನ ಕಾಲು ಊದಿಕೊಂಡಿವೆ, ಮಲಗಿದರೆ ಉಸಿರು ಸಿಗುತ್ತಿಲ್ಲ, ಆಸ್ಪತ್ರೆಗೆ ಸೇರಿಸಿದ್ದಾಯಿತು. "ಏನು ತಿನ್ನಿಸಿ ಕಳಿಸಿದೆ ನೀನು?" ಎಂದು ಅಕ್ಕ ಕೇಳಿದ್ದು ಪಕ್ಕದಲ್ಲಿದ್ದ ಕ್ಯಾಂಟೀನಮ್ಮನಿಗೂ ಕೇಳಿಸಿತು. ಡ್ರೈವರಮ್ಮ ಏನನ್ನೂ ಮುಚ್ಚಿಡಲಿಲ್ಲ. "ನನ್ನ ತಪ್ಪು ಅಕ್ಕ. ಉಪ್ಪು ಎರಡು ಸಲ ಹಾಕಿಬಿಟ್ಟೆ" ಎಂದಳು. ಆ ಕಡೆಯಿಂದ ಬಂದ ಮಾತುಗಳನ್ನೆಲ್ಲ ನಿಂತುಕೊಂಡೇ ಕೇಳಿಸಿಕೊಂಡಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಈ ಮನೆಯಲ್ಲಿ ಹಾಕಿದವಳು ಒಬ್ಬಳು, ತಿಂದವರು ಒಬ್ಬರು, ನೀರು ಕುಡಿಯುತ್ತಿದ್ದವಳು ಇನ್ನೊಬ್ಬಳು. ಈಗ ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದು ಕ್ಯಾಂಟೀನಮ್ಮ ಬಾಯಿ ತೆರೆಯುವಳು, "ನೀರು ಕಾಯಿಸ್ಲಾ" ಎಂದೋ "ಬಟ್ಟೆ ಒಣಗಿವೆಯಾ" ಎಂದೋ ಕೇಳಿ ಮುಚ್ಚುವಳು. ಮೊದಲ ದಿನ ಹೇಳಿದ್ದರೆ ಅದು ತಪ್ಪಾಗುತ್ತಿತ್ತು. ಎರಡನೇ ದಿನಕ್ಕೆ ಅದು ಸುಳ್ಳಾಗಿತ್ತು. ಆಮೇಲೆ ಅದಕ್ಕೆ ಏನು ಹೆಸರಿಡಬೇಕೋ ಅವಳಿಗೆ ತಿಳಿಯದಾಯಿತು.

ಒಬ್ಬಳೇ ಇದ್ದಾಗ ಅವಳು ತನ್ನನ್ನು ತಾನೇ ಪರೀಕ್ಷಿಸಿಕೊಂಡಳು. ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಬಟ್ಟೆ ಸೋಪು, ಫಿನಾಯಿಲ್ ಬಾಟಲಿ, ಮಗನ ಸಲೂನಿನ ಟವೆಲು, ಎಲ್ಲ ಒಂದೇ ಆಗಿದ್ದವು. ಬೆಂಕಿಪೊಟ್ಟಣದ ಕಡ್ಡಿ ಗೀರಿ ಆರಿಸಿ ಹೊಗೆ ಎಳೆದುಕೊಂಡಳು, ಬರೀ ಕೆಮ್ಮು ಬಂತು. ಅಡುಗೆಮನೆಯ ನಡುವೆ ಆರಿದ ಕಡ್ಡಿ ಹಿಡಿದು ನಿಂತಾಗ ಅವಳಿಗೆ ಅಳುವೂ ಬರಲಿಲ್ಲ, ಇಷ್ಟು ದಿನ ಮಗನ ನಾಲಿಗೆ ಸತ್ತಿದೆ ಎಂದವಳು ನಾನೇ ಅಲ್ಲವೇ ಎಂದು ಕಿವಿಯ ತುದಿ ಬಿಸಿಯಾಯಿತು.

ಡ್ರೈವರಮ್ಮ ಒಲೆ ಮುಟ್ಟುವುದನ್ನೇ ಬಿಟ್ಟಳು. ಬ್ರೆಡ್ಡು, ಬಾಳೆಹಣ್ಣು, ಮಗ ಹೊರಗಿನಿಂದ ತಂದ ಪೊಟ್ಟಣ, ಇಷ್ಟೇ ಊಟ. ಒಂದು ಸಂಜೆ ಊಟದ ನಡುವೆ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದಳು.

"ಸೋಮವಾರ ಡಿಪೋದಲ್ಲಿ ಕೇಳ್ತೀನಿ. ಗಾಡಿ ಬೇಡ, ಸ್ಟೋರ್ ರೂಮಿಗೆ ಹಾಕಿ ಅಂತ."

"ಹುಚ್ಚಾ ನಿಂಗೆ?" ಎಂದ ಗಂಡ.

"ಇವತ್ತು ಕೊನೇ ಸ್ಟಾಪಲ್ಲಿ ಇಳಿದು ಹೋದವಳು ಹ್ಯಾಂಡ್ ಬ್ರೇಕ್ ಹಾಕಿದ್ನೋ ಇಲ್ವೋ ಅಂತ ಓಡಿ ಬಂದು ನೋಡ್ದೆ. ಹಾಕಿದ್ದೆ. ಆದ್ರೆ ಹಾಕಿದ್ದು ನೆನಪಿಲ್ಲ. ಉಪ್ಪು ಹಾಕಿದ್ದೂ ಹೀಗೇ ತಾನೆ ಮರೆತದ್ದು? ಆವತ್ತು ಅಪ್ಪ ಒಬ್ಬರೇ. ಬಸ್ಸಲ್ಲಿ ಎಷ್ಟು ಜನ ಇರ್ತಾರೆ."

"ನಿದ್ದೆ ಸಾಲದು ನಿಂಗೆ. ಅಮ್ಮಾ, ನೀನಾದ್ರೂ ಹೇಳು ಇವಳಿಗೆ" ಎಂದ ಮಗ.

ಕ್ಯಾಂಟೀನಮ್ಮ ಬ್ರೆಡ್ಡಿನ ಅಂಚನ್ನು ಚೂರು ಚೂರು ಮಾಡುತ್ತಾ ಕೂತಳು. ಈ ಹುಡುಗಿ ಸ್ಟಿಯರಿಂಗ್ ಹಿಡಿಯಲೆಂದು ಅಪ್ಪನನ್ನೇ ಕಳೆದುಕೊಂಡವಳು. ಅದನ್ನೂ ಈಗ ನನ್ನ ಕೈಯಾರೆ ಬಿಡಿಸುತ್ತಿದ್ದೇನೆ. ಆದರೂ ಹೇಳಲಿಲ್ಲ.

ಮರುದಿನ ಮಗನಿಗಾದರೂ ಹೇಳೋಣ ಎಂದು ಸಲೂನಿಗೆ ಹೋದಳು. ಕುರ್ಚಿಯಲ್ಲಿ ಒಬ್ಬರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದರು, ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು. ಗೋಡೆಯುದ್ದದ ಕನ್ನಡಿಯಲ್ಲಿ ಅವಳಿಗೆ ತನ್ನ ಮುಖ ಎದುರಾಯಿತು.

"ಏನಮ್ಮಾ, ಇಷ್ಟು ದೂರ?"

"ಏನಿಲ್ಲ. ಈರುಳ್ಳಿ ತರೋಕೆ ಬಂದಿದ್ದೆ."

"ಇವರೇ ಸಾರ್ ನಮ್ಮಮ್ಮ" ಎಂದ ಮಗ ಕತ್ತಿ ಮಸೆಯುತ್ತಾ. "ಹಂಡೆ ಮೂಸಿ ಉಪ್ಪು ಹೇಳ್ತಿದ್ರು. ಗಿರಣಿ ಮ್ಯಾನೇಜರು ಕಣ್ಣಾರೆ ನೋಡಿ ಬೆರಗಾಗಿದ್ದ."

ಬೆಂಚಿನ ಮೇಲಿದ್ದವರು ಗೌರವದಿಂದ ಅವಳ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ತಾನಾಗಿ ಮೂಗಿಗೆ ಹೋಯಿತು. ಹೊರಬಂದು ಬೀದಿಯ ಕೊನೆ ಮುಟ್ಟಿದ ಮೇಲೆ, ಈರುಳ್ಳಿಯನ್ನೂ ಕೊಳ್ಳಲಿಲ್ಲ ಎಂದು ನೆನಪಾಯಿತು. ಕಾಲು ಮನೆಯ ಕಡೆ ತಿರುಗಲಿಲ್ಲ. ಎದುರಿಗೆ ಬಂದ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು.

ಟೈಲರು ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದರು. ಕಾಲುಗಳು ಇನ್ನೂ ಸ್ವಲ್ಪ ಊದಿದ್ದವು. ದಿನಕ್ಕೆ ಇಷ್ಟೇ ನೀರು ಎಂದು ಅಳೆದಿಟ್ಟ ಬಾಟಲಿ ಪಕ್ಕದ ಸ್ಟೂಲಿನ ಮೇಲಿತ್ತು.

"ನೀವಾ? ಬನ್ನಿ ಬೀಗ್ತಿಯವರೇ, ಕೂತ್ಕೊಳ್ಳಿ. ಈಗ ವಾಸಿ. ಉಸಿರು ಬರ್ತಿದೆ, ಹೋಗ್ತಿದೆ."

ಅವಳು ಕೂತಳು. ಏನು ಕೇಳಬೇಕೆಂದು ಹೊಳೆಯದೆ, "ಯಾಕೆ ತಿಂದ್ರಿ ಬೀಗರೇ, ಅಷ್ಟು ಉಪ್ಪನ್ನ?" ಎಂದು ಕೇಳಿಬಿಟ್ಟಳು.

ಅವರು ಹೊದಿಕೆಯ ಅಂಚಿನ ಹೊಲಿಗೆಯನ್ನು ಉಗುರಿನಿಂದ ಸವರಿದರು. "ಮೊದಲನೇ ತುತ್ತಿಗೇ ಗೊತ್ತಾಯ್ತು. ಅವಳ ಮುಖ ನೋಡ್ದೆ. ನಗ್ತಾ ಬಡಿಸ್ತಿದ್ಲು. ಓಹೋ, ಬೇಕಂತ್ಲೇ ಹಾಕಿದಾಳೆ ಅಂದ್ಕೊಂಡೆ. ಅವಳ ಮದುವೆಗೆ ನಾನು ಹೋಗ್ಲಿಲ್ಲ. ಅವಳಿಗೆ ಹೊಟ್ಟೆ ಆಪರೇಷನ್ ಆದಾಗ ಇದೇ ಆಸ್ಪತ್ರೆ ಮುಂದಿನಿಂದ ದಿನಾ ಅಂಗಡಿಗೆ ಹೋಗ್ತಿದ್ದೆ, ಒಳಗೆ ಬರ್ಲಿಲ್ಲ. ಇಷ್ಟು ವರ್ಷದ್ದು ಒಂದೇ ಬಟ್ಟಲಿಗೆ ಹಾಕಿ ಕೊಟ್ಟಿದಾಳೆ, ತಿಂದು ಮುಗಿಸೋದು ನನ್ನ ಪಾಲು ಅಂತ ತಿಂದೆ. ಇನ್ನೊಂದು ಸಲ ಹಾಕಿಸ್ಕೊಂಡೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ದಿನಾ ಬರ್ತಾಳೆ ಇಲ್ಲಿಗೆ. ನನ್ನ ತಪ್ಪು ಅಂತ ಅಳ್ತಾಳೆ. ನಾನು ಗೋಡೆ ಕಡೆ ತಿರುಗಿ ಮಲಗ್ತೀನಿ. ಬೇಕಂತ ಮಾಡಿ ಆಮೇಲೆ ಅಳೋ ಮಗಳಿಗೆ ಏನು ಹೇಳ್ಬೇಕೋ ನಂಗೆ ತಿಳೀತಿಲ್ಲ."

ಕ್ಯಾಂಟೀನಮ್ಮ ಮಂಚದ ಕಬ್ಬಿಣದ ಪಟ್ಟಿ ಹಿಡಿದುಕೊಂಡಳು. ತನ್ನ ಮೌನ ಸೊಸೆಯ ತಲೆಯ ಮೇಲೆ ಮಾತ್ರ ಕೂತಿದೆ ಎಂದುಕೊಂಡಿದ್ದಳು. ಅದು ಇಲ್ಲಿಗೂ ಬಂದು, ಅಪ್ಪ ಮಗಳ ನಡುವೆ ಗೋಡೆಯಾಗಿ ನಿಂತಿತ್ತು.

"ಅವಳು ಹಾಕಿದ್ದಲ್ಲ ಬೀಗರೇ. ನಾನು."

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೆಲ್ಲ ಬಂತು. ನೆಗಡಿ, ಸೀದ ಹಾಲು, ಮುಟ್ಟಬೇಡಿ ಎಂದದ್ದು, ಮುಟ್ಟಿದ್ದು. ಟೈಲರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ಅವಳಿಗೆ ಗೊತ್ತಾ?"

"ಇಲ್ಲ."

"ಮತ್ತೆ ನನ್ನ ಹತ್ರ ಹೇಳಿ ಏನು ಬಂತು? ಹೋಗಿ ಅವಳಿಗೆ ಹೇಳಿ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಅವರ ಕಣ್ಣಿನಿಂದ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವುದನ್ನು ನೋಡಲಾಗದೆ ಕ್ಯಾಂಟೀನಮ್ಮ ಎದ್ದಳು.

ಡಿಪೋದ ಗೇಟಿನಲ್ಲಿ ಕಾವಲುಗಾರ ತಡೆದ. "ಡ್ರೈವರಮ್ಮನ ಅತ್ತೆ ನಾನು" ಎಂದ ಮೇಲೆ ಒಳಗೆ ಬಿಟ್ಟ. ಆಗಷ್ಟೇ ತೊಳೆದ ಬಸ್ಸುಗಳು ಸಾಲಾಗಿ ನೀರು ಸುರಿಸುತ್ತಾ ನಿಂತಿದ್ದವು, ನೆಲದ ಮೇಲೆ ಡೀಸೆಲ್ಲಿನ ಬಣ್ಣ ಬಣ್ಣದ ಪೊರೆ. ಡ್ರೈವರಮ್ಮ ಒಂದು ಬಸ್ಸಿನ ಚಕ್ರದ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ಅತ್ತೆಯನ್ನು ಕಂಡು ಗಾಬರಿಯಾಗಿ ಬಂದಳು.

"ಅಪ್ಪಂಗೇನಾದ್ರೂ..."

"ಅವ್ರು ಚೆನ್ನಾಗಿದಾರೆ. ನಿನ್ನ ಹತ್ರ ಮಾತಾಡ್ಬೇಕು."

ಖಾಲಿ ಬಸ್ಸಿನೊಳಗೆ ಹತ್ತಿ ಕೂತರು. ಎದುರು ಬದುರು ಸೀಟು. ಕ್ಯಾಂಟೀನಮ್ಮ ತನ್ನ ಕೈಗಳನ್ನೇ ನೋಡುತ್ತಾ ಹೇಳಿದಳು. "ಆ ಪಾತ್ರೆಗೆ ಉಪ್ಪು ಹಾಕಿದ್ದು ನಾನು."

ಸೊಸೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾವಾಗ?"

"ನೀನು ಸ್ಟಾಪಿಗೆ ಹೋದಾಗ."

"ಮುಟ್ಬೇಡಿ ಅಂತ ಹೇಳಿದ್ದೆ."

"ಹೌದು, ನೀನು ಹೇಳಿದ್ದೆ."

"ಮರೆತು ಹಾಕಿದ್ರಾ?"

ಅಲ್ಲೊಂದು ಕಿಂಡಿ ಇತ್ತು. ಹೂಂ ಎಂದಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. "ಇಲ್ಲ" ಎಂದಳು ಕ್ಯಾಂಟೀನಮ್ಮ. "ನೆನಪಿತ್ತು. ನಿನ್ನ ಅಡುಗೆ ಸಪ್ಪೆ, ನನ್ನ ಮನೆ ಮರ್ಯಾದೆ ಹೋಗುತ್ತೆ ಅಂತ ಹಾಕ್ದೆ. ನಂಗೆ ವಾಸನೆ ಬರಲ್ಲ, ರುಚಿನೂ ಅಷ್ಟಕ್ಕಷ್ಟೆ. ಎಷ್ಟು ಹಾಕಿದೀನಿ ಅಂತ ಗೊತ್ತಾಗ್ಲಿಲ್ಲ. ಚಳಿಗಾಲದಿಂದ ಹೀಗಿದೆ. ಯಾರಿಗೂ ಹೇಳ್ಲಿಲ್ಲ. ನೀನು ಏನೂ ಮರೆತಿಲ್ಲಮ್ಮ. ನಿನ್ನ ತಲೆ ನೆಟ್ಟಗಿದೆ. ಗಾಡಿ ಬಿಡಬೇಡ."

ಡ್ರೈವರಮ್ಮ ಎದುರಿನ ಸೀಟಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಮೆಲ್ಲಗೆ ಮಾತಾಡಿದಳು.

"ಉಪ್ಪು ಹಾಕಿದ್ದಕ್ಕಲ್ಲ ಅತ್ತೆ. ಆಗುತ್ತೆ ಬಿಡಮ್ಮ ಅಂದ್ರಲ್ಲ. ತಲೆ ಸವರಿದ್ರಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಯಾರೂ ಸವರಿರ್ಲಿಲ್ಲ. ಪರವಾಗಿಲ್ಲ, ಅತ್ತೆ ಇದಾರೆ ಅಂತ ಆ ಕೈ ನೆನೆಸ್ಕೊಂಡು ಮಲಗಿದ್ದೆ ನಾನು."

ಕ್ಯಾಂಟೀನಮ್ಮ ಮಡಿಲಲ್ಲಿದ್ದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಇಳೀರಿ. ಗಾಡಿ ಟೈಮಾಯ್ತು" ಎಂದಳು ಸೊಸೆ.

ಅವಳು ಇಳಿದಳು. ಬಸ್ಸು ಗೇಟು ದಾಟಿ ಹೋಯಿತು, ತಿರುವಿನಲ್ಲಿ ಒಂದಿಷ್ಟೂ ಅಳುಕಲಿಲ್ಲ. ಕ್ಯಾಂಟೀನಮ್ಮ ನಡೆದುಕೊಂಡೇ ಮನೆಗೆ ಹೋದಳು. ಸೊಸೆಯ ಸಹೋದ್ಯೋಗಿಗಳ ಬಸ್ಸು ಹತ್ತಲು ಅವಳಿಗೆ ಮುಖವಿರಲಿಲ್ಲ.

ಅಂದು ಸಂಜೆ ಮಗನಿಗೂ ತಾನೇ ಹೇಳಿದಳು. ಅವನು ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗಿ ನಿಂತ. ಎಷ್ಟೋ ದಿನ ಅವನ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ. ಕೊನೆಗೆ ಅವನೇ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಒಂದೊಂದೇ ಸೀಸೆ ಮೂಗಿಗೆ ಹಿಡಿದು ಇದೇನು, ಇದೇನು ಎಂದು ಕೇಳಿದರು. ಅವಳು ಪಾಠ ಬಾರದ ಶಾಲೆಯ ಹುಡುಗಿಯಂತೆ ಪ್ರತಿಯೊಂದಕ್ಕೂ ಗೊತ್ತಿಲ್ಲ ಎಂದಳು. ಸ್ವಲ್ಪ ವಾಪಸ್ಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮನೆಗೆ ಬಂದು ಅವಳು ಮಾಡಿದ ಮೊದಲ ಕೆಲಸವೆಂದರೆ ಮೇಲಿನ ಮಹಡಿ ಹತ್ತಿ, "ಸೊಸೆ ಅಡುಗೆ ಸಪ್ಪೆ ಅಂತ ಹೇಳ್ತಿದ್ನಲ್ಲ, ಸಪ್ಪೆ ಆಗಿದ್ದು ನನ್ನ ಬಾಯಿ" ಎಂದು ಹೇಳಿದ್ದು. ಆ ಹೆಂಗಸು ಇದೇಕೆಂದು ತಿಳಿಯದೆ ಅವಳನ್ನು ಕೂರಿಸಿ ನೀರು ಕೊಟ್ಟಳು.

ಸೊಸೆ ಮಾತು ಬಿಡಲಿಲ್ಲ, ಆದರೆ ಮಾತು ಕೆಲಸಕ್ಕೆ ಬೇಕಾದಷ್ಟೇ ಆಯಿತು. ಸ್ಟೋರ್ ರೂಮಿನ ಮಾತೆತ್ತಲಿಲ್ಲ. ಮತ್ತೆ ಒಲೆ ಹಚ್ಚಿದಳು. ಉಪ್ಪಿನ ಡಬ್ಬಿಯನ್ನು ಅತ್ತೆಗೆ ಎಟುಕದ ಮೇಲಿನ ಕಪಾಟಿಗೆ ಎತ್ತಿಟ್ಟಳು. ಅದನ್ನು ಕಂಡ ದಿನ ಕ್ಯಾಂಟೀನಮ್ಮನಿಗೆ ಎದೆಯೊಳಗೆ ಕತ್ತರಿ ಆಡಿದ ಹಾಗಾಯಿತು. ಸರಿಯಾಗಿಯೇ ಇದೆ ಎಂದುಕೊಂಡಳು.

ಟೈಲರು ಆಸ್ಪತ್ರೆಯಿಂದ ಬಂದು ಚೇತರಿಸಿಕೊಂಡ ಮೇಲೆ ಮತ್ತೊಂದು ಭಾನುವಾರ ಊಟಕ್ಕೆ ಬರುವುದೆಂದಾಯಿತು. ಕ್ಯಾಂಟೀನಮ್ಮ ಬೆಳಗಿನಿಂದಲೇ ಹೇಳಿಕೊಂಡು ತಿರುಗಿದಳು, ಮಂಡಿ ನೋವು, ಮೇಲಿನ ಮನೆಯಲ್ಲಿ ಸ್ವಲ್ಪ ಮಲಗಿರುತ್ತೇನೆ ಎಂದು.

"ಮಂಡಿ ನೋವಲ್ಲಿ ಮೆಟ್ಟಿಲು ಹತ್ತಿ ಹೋಗ್ತೀರಾ?" ಎಂದಳು ಸೊಸೆ. "ಇಲ್ಲೇ ಇರಿ. ಬಡಿಸೋರು ಬೇಕು."

ಅವಳು ಬಡಿಸಿದಳು. ಚಿಕ್ಕ ಪಾತ್ರೆಯಿಂದ ಬಟ್ಟಲಿಗೆ ಹಾಕಿ, ಸೌಟನ್ನು ಅದೇ ಪಾತ್ರೆಗೆ ಇಟ್ಟು ಹಿಂದೆ ಸರಿದಳು. ಟೈಲರು ಒಂದು ತುತ್ತು ತಿಂದು, ಮಗಳ ಕಡೆ ನೋಡಿ ಗಂಭೀರವಾಗಿ ಕೇಳಿದರು. "ಇವತ್ತು ಬೀಗ್ತಿಯವರನ್ನ ಯಾವ ರೂಮಲ್ಲಿ ಕೂಡಿಹಾಕಿದ್ದೆ?"

ಮಗನಿಗೆ ಅನ್ನ ನೆತ್ತಿಗೆ ಹತ್ತಿತು. ಡ್ರೈವರಮ್ಮ ತಡೆದುಕೊಳ್ಳಲು ನೋಡಿ ಆಗದೆ ನಕ್ಕಳು, ಅಪ್ಪನ ಹೆಗಲ ಮೇಲೆ ಕೈಯಿಟ್ಟು ನಕ್ಕಳು. ಕ್ಯಾಂಟೀನಮ್ಮನೂ ನಗಬೇಕೆಂದು ತುಟಿ ಅಗಲಿಸಿದಳು, ಆದರೆ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಅವರು ತನ್ನನ್ನು ಹಗುರಗೊಳಿಸಲೆಂದೇ ಆ ಮಾತು ಆಡಿದ್ದು ಎಂದು ಅವಳಿಗೆ ಗೊತ್ತಿತ್ತು. ಆ ದೊಡ್ಡತನವೇ ಇನ್ನಷ್ಟು ಭಾರವಾಗಿ ಕೂತಿತು.

ಎಲ್ಲರೂ ಎದ್ದ ಮೇಲೆ ಅತ್ತೆ ತೊಳೆದಳು, ಸೊಸೆ ಒರೆಸಿದಳು.

"ನಂಗಿನ್ನೂ ಸಿಟ್ಟು ಹೋಗಿಲ್ಲ" ಎಂದಳು ಸೊಸೆ, ತಟ್ಟೆಯ ಮೇಲೆ ಕಣ್ಣಿಟ್ಟು.

"ಗೊತ್ತು."

"ಹೋಗುತ್ತೆ ಅಂತ್ಲೂ ಹೇಳಕ್ಕಾಗಲ್ಲ."

"ಇರ್ಲಿ. ಇಟ್ಕೋ."

ಸೊಸೆ ತಟ್ಟೆಗಳನ್ನು ಜೋಡಿಸಿಟ್ಟು ಕೈ ಒರೆಸಿಕೊಂಡಳು. "ನಾಳೆ ಬೆಳಗಿನ ಪಾಳಿ. ಹೂಕೋಸು ತಂದಿಟ್ಟಿದೀನಿ. ಬಿಡಿಸಿ, ತೊಳೆದು ಇಟ್ಟಿರಿ. ಬಂದು ಒಲೆಗೆ ಹಾಕ್ತೀನಿ."

"ಇಟ್ಟಿರ್ತೀನಿ."

ಅಷ್ಟನ್ನೇ ಮಾಡುತ್ತೇನೆ, ಅದರಾಚೆ ಕೈ ಹಾಕುವುದಿಲ್ಲ ಎಂದು ಸೇರಿಸಬೇಕೆನಿಸಿತು ಕ್ಯಾಂಟೀನಮ್ಮನಿಗೆ. ಸೇರಿಸಲಿಲ್ಲ. ಬಾಯಿಮಾತಿನಿಂದ ಆಗುವ ಕೆಲಸವಲ್ಲ ಅದು. ಬುಟ್ಟಿಯಿಂದ ಹೂಕೋಸು ತೆಗೆದು, ಹುಳವಿದೆಯೇನೋ ಎಂದು ದೀಪದ ಬೆಳಕಿಗೆ ಹಿಡಿದು, ಒಂದೊಂದೇ ಎಸಳು ಬಿಡಿಸಿ ನೋಡತೊಡಗಿದಳು.